ಜಯಂತಿ ಮೇಳಕ್ಕೆ ಬೇಸ್ ಗಿಟಾರ್ ಯಾಕೆ ಬೇಕು?



ಖಜೂರಿ ಸುತ್ತಿನ ಮೂರ್ನಾಲ್ಕು ಊರಿನ ಜಯಂತಿ ಕಮಿಟಿಯ ತಮ್ಮಂದಿರು ಈ ಸಲ ಒಂದೇ ಮಾತು ಕೇಳ್ತಿದ್ದಾರೆ. "ಅಣ್ಣಾ, ಡಿಜೆ ಹಚ್ಚಿದ್ರ ಮುಗೀತದಲ್ಲ, ಹಾಡೋರು, ಢೋಲಕಿಯವರು, ಗಿಟಾರ್‌ನವರು ಅಂತ ಎಂಟ್ಹತ್ತು ಮಂದೀಗಿ ಯಾಕ ರೊಕ್ಕ ಕೊಡಬೇಕು? ಅದೂ ನಿಂದು ಆ ನಾಕ್ ತಂತಿ ಗಿಟಾರ್, ಅದರದ್ದು ದನಿನೇ ಕೇಳಂಗಿಲ್ಲ." ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಉದ್ದ ಆಗ್ತದ, ಪುರುಸೊತ್ತಿದ್ದಾಗ ಓದ್ರಿ.

ಮೊದಲು ಡಿಜೆ ವಿಷಯ. ಡಿಜೆ ಮುಂದೆ ಕುಣಿಯುವ ಹುಡುಗರನ್ನು ಬೈಯೋದು ನಮ್ಮ ಹಿರಿಯರಿಗೆ ಸುಲಭದ ಕೆಲಸ. ನಾನು ಬೈಯೋದಿಲ್ಲ. ಅವರು ಓಡೋದು ಹಾಡಿಗಲ್ಲ, ಎದೆಗೆ ಬಂದು ಗುದ್ದುವ ಆ ಕೆಳಗಿನ ದನಿಗೆ. ನಾವು ಸಣ್ಣವರಿದ್ದಾಗ ಜಯಂತಿಗೆ ಬೇವಿನ ಗಿಡಕ್ಕೆ ಭೋಂಗಾ ಕಟ್ಟುತ್ತಿದ್ದರು. ಗಡಿ ಆಚೆ ಉಮರ್ಗಾದಿಂದ, ಸೋಲಾಪುರದಿಂದ ಬಂದ ಕ್ಯಾಸೆಟ್ಟುಗಳು, ವಾಮನದಾದಾ ಕರ್ಡಕ್ ಅವರ ಹಾಡುಗಳು, ಪ್ರಹ್ಲಾದ್ ಶಿಂದೆ ಅವರ ದನಿ. ಎಲ್ಲಾ ಆ ಭೋಂಗಾದಿಂದಲೇ ಕೇಳಿದ್ದು. ಭೋಂಗಾದ ಗುಣ ಏನಂದ್ರೆ, ಅದು ಮಾತನ್ನು ಎರಡು ಹೊಲದಾಚೆ ಮುಟ್ಟಿಸುತ್ತದೆ, ಆದರೆ ಕೆಳಗಿನ ದನಿಯನ್ನು ನುಂಗಿಬಿಡುತ್ತದೆ. ಸೆಕೆಂಡಿಗೆ ಮುನ್ನೂರು ಸಲಕ್ಕಿಂತ ಕಡಿಮೆ ನಡುಗುವ ಸ್ವರ ಅದರ ಬಾಯಿಂದ ಸರಿಯಾಗಿ ಹೊರಗೇ ಬರೋದಿಲ್ಲ. ನಮ್ಮ ಒಂದು ತಲೆಮಾರು ಭೀಮಗೀತೆಗಳನ್ನು ಹೊಟ್ಟೆ ಇಲ್ಲದ ದನಿಯಲ್ಲೇ ಕೇಳಿ ಬೆಳೆಯಿತು. ಆದರೆ ಹಾಡಿನ ಒಂದೊಂದು ಶಬ್ದವೂ ಬಾಯಿಗೆ ಬರುತ್ತಿತ್ತು.

ಈಗ ತಿರುವುಮುರುವು ಆಗಿದೆ. ಟ್ರ್ಯಾಕ್ಟರ್ ಟ್ರಾಲಿ ತುಂಬ ಹದಿನೆಂಟು ಇಂಚಿನ ಸ್ಪೀಕರ್, ಮನೆಯ ತಗಡು ನಡುಗುತ್ತದೆ, ಪಾತ್ರೆ ಉರುಳುತ್ತವೆ. ಬಾಬಾಸಾಹೇಬರ ಹೆಸರು ನೂರು ಸಲ ಬರುತ್ತದೆ, ಬಾಬಾಸಾಹೇಬರು ಹೇಳಿದ್ದು ಒಂದು ಸಲವೂ ಕೇಳಿಸೋದಿಲ್ಲ. ಮಾತಿದ್ದಾಗ ಎದೆಗೆ ಏನೂ ಇರಲಿಲ್ಲ, ಎದೆಗೆ ಸಿಕ್ಕಾಗ ಮಾತು ಹೋಯಿತು. ನಮ್ಮ ಮೇಳಕ್ಕೆ ಬೇಸ್ ತಂದಿದ್ದು ಇದೊಂದೇ ಕಾರಣಕ್ಕೆ. ಆ ಕೆಳಗಿನ ದನಿ ಇರಬೇಕು, ಆದರೆ ಮಾತಿನ ತಲೆ ಮೇಲೆ ಕೂರಬಾರದು, ಅಡಿಪಾಯದಂಗ ಕೆಳಗಿರಬೇಕು. ಅದನ್ನು ಮಷೀನ್ ಮಾಡೋದಿಲ್ಲ, ಹಾಡುವವನ ಬಾಯಿ ನೋಡಿಕೊಂಡು ಬಾರಿಸುವ ಮನುಷ್ಯ ಬೇಕು.

ಇನ್ನು "ವಿದೇಶಿ ವಾದ್ಯ" ಅನ್ನೋರಿಗೆ. ಹಾರ್ಮೋನಿಯಂ ಎಲ್ಲಿಂದ ಬಂತು ಅಂತ ಕೇಳಿಕೊಳ್ರಿ ಸಾಕು. ಬೇಸ್ ಗಿಟಾರಿನ ಚರಿತ್ರೆ ನಮ್ಮಂಥವರಿಗೆ ಚೆನ್ನಾಗಿ ಒಪ್ಪುತ್ತದೆ. ಮೊದಲು ಅಲ್ಲಿ ಆಳೆತ್ತರದ ಡಬಲ್ ಬೇಸ್ ಇತ್ತು. ಅದನ್ನು ಹೊತ್ತು ಊರೂರು ತಿರುಗೋದು ಕಷ್ಟ, ಜೋರು ಮೇಳದಲ್ಲಿ ಅದರ ದನಿಯೂ ಕೇಳುತ್ತಿರಲಿಲ್ಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತ ಅದನ್ನು ಹೆಗಲಿಗೆ ಹಾಕಿಕೊಳ್ಳುವ ಹಲಗೆಯಂತೆ ಮಾಡಿ ಮಾರಿದ. ಮೂಲತಃ ರೇಡಿಯೋ ರಿಪೇರಿ ಮನುಷ್ಯ. ನಾವು ಟಂಟಂನಲ್ಲಿ ಹನ್ನೊಂದು ಮಂದಿ ಕೂತು ಹೋಗುವವರು, ನಮಗೆ ಅದರ ಬೆಲೆ ಗೊತ್ತು.

ಆ ವಾದ್ಯವನ್ನು ಮಾತಾಡಿಸಿದವರಲ್ಲಿ ದೊಡ್ಡ ಹೆಸರು ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್. ಕರಿಯ ಜನಾಂಗದವರು, ಬಲಗೈಯ ಒಂದೇ ಬೆರಳಿನಲ್ಲಿ ತಂತಿ ಮೀಟುತ್ತಿದ್ದರು. 1960ರ ದಶಕದ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳ ಕೆಳಗೆ ಇರುವುದು ಅವರ ಬೆರಳು. ಜಗತ್ತೇ ಆ ಹಾಡುಗಳಿಗೆ ಕುಣಿಯಿತು, ರೆಕಾರ್ಡಿನ ಕವರಿನ ಮೇಲೆ ಮಾತ್ರ ಅವರ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಆ ಬಾರಿಸುವವರ ಹೆಸರುಗಳು ಅಚ್ಚಾದವು. ಬಾರಿಸುವವನ ಹೆಸರು ಯಾರಿಗೂ ಬೇಡದ ಕಥೆ ನಮಗೇನು ಹೊಸದೇ? ಬಾಬ್ ಮಾರ್ಲಿ ಫೋಟೋ ಇರುವ ಟೀ ಶರ್ಟ್ ನಮ್ಮ ಹುಡುಗರು ಹಾಕಿಕೊಳ್ತಾರಲ್ಲ, ಅವರ ಹಿಂದೆ ನಿಂತು ಬೇಸ್ ಬಾರಿಸಿದ ಆಸ್ಟನ್ ಬ್ಯಾರೆಟ್ ಹುಡುಗನಿದ್ದಾಗ ಪ್ಲೈವುಡ್ ತುಂಡಿಗೆ ಒಂದೇ ತಂತಿ ಕಟ್ಟಿ ತನ್ನ ಮೊದಲ ಬೇಸ್ ತಾನೇ ಮಾಡಿಕೊಂಡವರು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಕೇಳ್ರಿ ಅವರದ್ದು. ಹಾಡಿನ ಅರ್ಧ ಮಾತು ಬೇಸೇ ಆಡುತ್ತದೆ.

ಹಾಗಾದರೆ ಹಲಗಿ ಇದೆಯಲ್ಲ, ನಮ್ಮದೇ ದನಿ, ಅದು ಸಾಲದೇ ಅಂತ ಕೇಳುವವರೂ ಇದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ನನ್ನ ತಾಯಿಯ ತವರೂರಿನಲ್ಲಿ, ಊರ ಹೆಸರು ಬೇಡ, ಮುತ್ಯಾ ಹಲಗಿ ಬಾರಿಸುತ್ತಿದ್ದ. ಸತ್ತವರ ಮುಂದೆ, ಜಾತ್ರೆಯಲ್ಲಿ, ಡಂಗುರಕ್ಕೆ, ಗೌಡರ ಮನೆಯ ಮದುವೆಗೆ. ಕರೆದಾಗ ಹೋಗಬೇಕು. ಕೂಲಿ ಅಂದರೆ ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಉಳಿದದ್ದು ಬಿಟ್ಟಿ. ಚೆನ್ನಾಗಿ ಬಾರಿಸುತ್ತಿದ್ದನಂತೆ. ಹುಲ್ಲಿನ ಬೆಂಕಿಗೆ ಹಲಗಿ ಹಿಡಿದು ಕಾಯಿಸಿ, ಬೆರಳಲ್ಲಿ ಒಮ್ಮೆ ತಟ್ಟಿ ನೋಡಿ, ಇನ್ನೊಂದಿಷ್ಟು ಕಾಯಲಿ ಅಂತ ಹೇಳುವ ಕಿವಿ ಅವನದು. 1980ರ ದಶಕದಲ್ಲಿ ಕೇರಿಯ ಹುಡುಗರೆಲ್ಲ ಕೂಡಿ ಇನ್ಮುಂದೆ ಯಾರೂ ಹಲಗಿ ಮುಟ್ಟಬಾರದು ಅಂತ ತೀರ್ಮಾನ ಮಾಡಿದರು. ಮುಂದಾಳಾಗಿ ನಿಂತವನು ನನ್ನ ಮಾಮಾ. ಸತ್ತ ದನ ಹೊರೋದು ಬಿಡ್ರಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಹೇಳಿದ ಮಾತು ಆ ಕೇರಿಗೆ ಮುಟ್ಟಲು ಅರವತ್ತು ವರ್ಷ ಬೇಕಾಯಿತು. ಆ ವರ್ಷ ತೊಗರಿ ರಾಶಿಗೆ ನಮ್ಮವರನ್ನು ಯಾರೂ ಕರೆಯಲಿಲ್ಲ. ಮಾಮಾ ಇವತ್ತಿಗೂ ಹಲಗಿ ಮುಟ್ಟೋದಿಲ್ಲ. ಬೇರೆಯವರು ಬಾರಿಸಿದರೆ ಎದ್ದು ಹೋಗುತ್ತಾನೆ.

ಅಮ್ಮನ ದೊಡ್ಡಮ್ಮ ಒಬ್ಬಳಿದ್ದಳು, ನಮಗೆಲ್ಲ ಆಯಿ. ಅವಳ ಕೈಯಲ್ಲಿ ಚೌಡಿಕೆ. ಚೌಡಿಕೆ ನೋಡದವರಿಗೆ ಹೇಳ್ತೀನಿ. ಕೊಳಗದಂಥ ಒಂದು ಬುರುಡೆ, ಒಂದು ಕಡೆ ಚರ್ಮ, ಆ ಚರ್ಮದಿಂದ ಹೊರಟ ಒಂದೇ ತಂತಿ. ತಂತಿಯ ಬಿಗಿ ಹೆಚ್ಚು ಕಡಿಮೆ ಮಾಡಿದಂಗೆ ಸ್ವರ ಏರುತ್ತದೆ, ಇಳಿಯುತ್ತದೆ, ಯಾರೋ ಹೊಟ್ಟೆಯೊಳಗಿಂದ ನರಳಿದ ಹಾಗೆ. ನನ್ನ ಪ್ರಕಾರ ನಮ್ಮ ನಾಡಿನ ಮೊದಲ ಬೇಸ್ ಅದೇ. ಆದರೆ ಆಯಿಗೆ ಮುತ್ತು ಕಟ್ಟಿದಾಗ ಅವಳಿನ್ನೂ ಲಂಗದ ಹುಡುಗಿ. ನಮ್ಮ ರಾಜ್ಯದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ ಆದದ್ದು 1982ರಲ್ಲಿ, ಅವಳ ಬಾಳು ಅಷ್ಟರಲ್ಲಿ ಮುಗಿದಿತ್ತು.

ಹಲಗಿಯಾಗಲಿ ಚೌಡಿಕೆಯಾಗಲಿ, "ನಿನಗ ಯಾವುದು ಬೇಕು ನೋಡಿ ತೊಗೋ" ಅಂತ ಮುತ್ಯಾಗೂ ಆಯಿಗೂ ಯಾರೂ ಹೇಳಿರಲಿಲ್ಲ. ಸೋಲಾಪುರದಲ್ಲಿ ನಾನು ನಾಲ್ಕು ಬೇಸ್ ಮುಂದಿಟ್ಟುಕೊಂಡು, ಒಂದೊಂದೇ ಎತ್ತಿ, ಇದು ಬೇಡ, ಅದು ತೋರಿಸು ಅಂದೆನಲ್ಲ, ಆ ಮಾತು ನಮ್ಮ ಮನೆತನದಲ್ಲಿ ಒಂದು ವಾದ್ಯದ ಬಗ್ಗೆ ಮೊದಲ ಸಲ ಹೊರಟದ್ದು. ಅದಕ್ಕೇ ಆಯ್ಕೆಯನ್ನು ನಾನು ಹಗುರವಾಗಿ ತೊಗೊಳ್ಳೋದಿಲ್ಲ.

ಕಂಪನಿ ಹೆಸರು ಹೇಳೋದಿಲ್ಲ, ಜಾಹೀರಾತು ಆಗ್ತದ. ಹೇಗೆ ಆರಿಸಿದೆ ಅನ್ನೋದು ಹೇಳ್ತೀನಿ, ಬೇರೆ ಮೇಳದ ಹುಡುಗರಿಗೆ ಬೇಕಾಗ್ತದ. ಆರ್ಕೆಸ್ಟ್ರಾ ಬಿಟ್ಟ ಹುಡುಗನ ಹತ್ತಿರ ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರಕ್ಕೆ. ನಾನು ನೋಡಿದ್ದು ಬಣ್ಣವಲ್ಲ. ಒಂದು, ತೂಕ. ನಾಲ್ಕು ಕಿಲೋ ದಾಟಿದರೆ ರಾತ್ರಿ ಹತ್ತರಿಂದ ಎರಡರವರೆಗೆ ಹೆಗಲು ತಡೆಯೋದಿಲ್ಲ. ಎರಡು, ಕುತ್ತಿಗೆ. ಮೊದಲ ಫ್ರೆಟ್ಟಿಗೂ ಕೊನೆಯ ಫ್ರೆಟ್ಟಿಗೂ ಒಟ್ಟಿಗೆ ತಂತಿ ಒತ್ತಿ ಹಿಡಿದರೆ ನಡುವೆ ಕಾಗದ ತೂರುವಷ್ಟು ಸಂದು ಇರಬೇಕು, ಅದಕ್ಕಿಂತ ಬಹಳ ಹೆಚ್ಚಿದ್ದರೆ ಬಾಗಿದೆ ಅಂತ. ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸಲಾಕಿ ಇರ್ತದ, ಅದು ತಿರುಗುತ್ತದೋ ತುಕ್ಕು ಹಿಡಿದಿದೆಯೋ ನೋಡ್ರಿ. ನಮ್ಮ ಕಡೆ ಏಪ್ರಿಲ್ ಮೇ ಬಿಸಿಲು ನಲವತ್ತೆರಡು ದಾಟುತ್ತದೆ. ಕಟ್ಟಿಗೆ ಒಣಗಿ ಕುಗ್ಗುತ್ತದೆ, ಫ್ರೆಟ್ಟಿನ ತುದಿ ಹೊರಗೆ ಬಂದು ಅಂಗೈ ಕುಯ್ಯುತ್ತದೆ. ನಮ್ಮ ಸೀಜನ್ನೇ ಅದು. 14ರಂದು ಒಂದೇ ದಿನ ಎಲ್ಲ ಊರಿನ ಜಯಂತಿ ಆಗೋದಿಲ್ಲ, ಅಲ್ಲಿಂದ ಮೇ ಕೊನೆವರೆಗೆ ಊರೂರಿಗೆ ನಡೀತಾವ. ಬಿಸಿಲಿಗೆ ಕಾದ ಜೀಪಿನಲ್ಲಿ ವಾದ್ಯ ಬಿಟ್ಟು ಊಟಕ್ಕೆ ಹೋಗಬ್ಯಾಡ್ರಿ, ಅಷ್ಟೇ.

ನಾನು ತಂದದ್ದರಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿಯ ಸರ್ಕ್ಯೂಟ್ ಇತ್ತು. ಪಟ್ಟಣದ ಸ್ಟೇಜಿಗೆ ಒಳ್ಳೆಯದು. ಆದರೆ ಅಫಜಲಪುರದ ಆಚೆ ಭೀಮಾ ದಂಡೆಯ ಹಳ್ಳಿಯಲ್ಲಿ ನಡುರಾತ್ರಿ ಆ ಚೌಕದ ಬ್ಯಾಟರಿ ಎಲ್ಲಿ ಸಿಕ್ಕೀತು? ಕಲಬುರಗಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಒಬ್ಬ ಚಾಚಾ ಇದ್ದಾರೆ. ಅವರು ಆ ಸರ್ಕ್ಯೂಟನ್ನೇ ತೆಗೆದು, ಪಿಕಪ್ಪಿನಿಂದ ವಾಲ್ಯೂಮಿಗೆ, ಅಲ್ಲಿಂದ ಜ್ಯಾಕಿಗೆ ನೇರ ವೈರ್ ಸಾಲ್ಡರ್ ಮಾಡಿಕೊಟ್ಟರು. ಒಳಗಿನ ಗುಳಿಗೆಲ್ಲ ತಾಮ್ರದ ಹಾಳೆ ಅಂಟಿಸಿ ಅದನ್ನು ಅರ್ಥ್ ವೈರಿಗೆ ಜೋಡಿಸಿದರು. ಯಾಕಂದ್ರೆ ಮಂಟಪದ ಸೀರಿಯಲ್ ಲೈಟು, ಜನರೇಟರು ಎಲ್ಲದರ ಗುಂಯ್ ಅನ್ನುವ ಸದ್ದು ಗಿಟಾರಿನೊಳಗೆ ಬಂದು ಕೂರುತ್ತದೆ. ಆ ಸದ್ದು 50 ಹರ್ಟ್ಸ್, ನನ್ನ ದಪ್ಪ ತಂತಿ 41, ಅದರ ಮೇಲಿನದು 55. ಅಂದರೆ ಕರೆಂಟಿನ ಗುಂಯ್‌ಗುಡುವಿಕೆ ಸರಿಯಾಗಿ ನನ್ನ ಎರಡು ತಂತಿಗಳ ನಡುವೆಯೇ ಮನೆ ಮಾಡಿದೆ. ತಾಮ್ರ ಹಾಕಿದ ಮೇಲೆ ಬಹಳ ಮಟ್ಟಿಗೆ ನಿಂತಿತು.

ಇದಕ್ಕಿಂತ ದೊಡ್ಡ ವಿಷಯ ಶಾಕ್. ಇದನ್ನು ದಯವಿಟ್ಟು ಎಲ್ಲ ಮೇಳದವರೂ ಓದ್ರಿ. ಕಂಬದಿಂದ ಕೊಂಡಿ ಹಾಕಿದ ಕರೆಂಟಿಗೆ ಅರ್ಥಿಂಗ್ ಇರೋದಿಲ್ಲ. ಕೈ ತಂತಿ ಮೇಲೆ, ತುಟಿ ಮೈಕಿಗೆ ತಾಗಿತು ಅಂದ್ರೆ ಕರೆಂಟ್ ಎದೆಯ ಮೂಲಕವೇ ಹೋಗುತ್ತದೆ. ಜಗತ್ತಿನಲ್ಲಿ ಗಿಟಾರ್‌ನವರು ಸ್ಟೇಜಿನ ಮೇಲೇ ಸತ್ತದ್ದಿದೆ. ನಾವು 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿದ ಎಕ್ಸ್‌ಟೆನ್ಷನ್ ಬಾಕ್ಸ್ ನಮ್ಮದೇ ಒಯ್ಯುತ್ತೇವೆ. ಮೈಕಿಗೆ ಸ್ಪಂಜಿನ ಟೋಪಿ. ಟೆಸ್ಟರ್ ಹಚ್ಚಿ ನೋಡುವವರೆಗೆ ಹಾಡುವ ಅಕ್ಕ ಮೈಕ್ ಹತ್ತಿರ ಬರೋದಿಲ್ಲ. ಕಮಿಟಿಯವರು "ಎಷ್ಟು ಹೊತ್ತು ಮಾಡ್ತೀರಿ" ಅಂತ ಬೇಜಾರಾದರೆ ಆಗಲಿ.

ಇನ್ನೆರಡು ಬದಲಾವಣೆ ಹೇಳ್ತೀನಿ, ಇವು ನನಗೆ ಪ್ರೀತಿಯವು. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಚಿಕ್ಕ ಪಟ್ಟಿ ಇರ್ತದ, ನಟ್ ಅಂತಾರೆ. ಬಂದಾಗ ಪ್ಲಾಸ್ಟಿಕ್ಕಿನದಿತ್ತು, ಗೀರು ಸವೆದು ತಂತಿ ಕಿರುಗುಡುತ್ತಿತ್ತು. ಒಳ್ಳೆಯ ಗಿಟಾರುಗಳಿಗೆಲ್ಲ ಎಲುಬಿನ ನಟ್ ಹಾಕ್ತಾರೆ. ಎಲುಬು! ನಮಗೆ ಎಲುಬಿಗೆ ಬರವೇ? ಎಮ್ಮೆಯ ಎಲುಬನ್ನು ಕುದಿಸಿ, ಒಣಗಿಸಿ, ಅರದಲ್ಲಿ ಉಜ್ಜಿ ನಮ್ಮ ಅಳಿಯನೇ ಮಾಡಿದ. ಬೆಲ್ಟು, ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ನಮ್ಮ ಕಾಕಾನ ಕೈಯದು. ಅಗಲ ಮೂರು ಬೆರಳಿಗಿಂತ ಹೆಚ್ಚು, ಎರಡು ಪದರ ತೊಗಲು. ಅಂಗಡಿಯ ನೈಲಾನ್ ಬೆಲ್ಟು ಹೆಗಲಿಗೆ ಕೊರೆಯುತ್ತಿತ್ತು, ಇದು ಮಗುವಿನ ಹಾಗೆ ಕೂರುತ್ತದೆ. ಎಲುಬು, ತೊಗಲು ಅಂದ್ರೆ ಮೂಗು ಮುಚ್ಚಿಕೊಂಡವರು ಸ್ಟೇಜಿನ ಮುಂದೆ ಕೂತು ದನಿ ಎಷ್ಟು ಚೊಕ್ಕ ಬರ್ತದಲ್ಲ ಅಂತಾರೆ. ನಾನೇನೂ ಹೇಳಲು ಹೋಗೋದಿಲ್ಲ. ಇಲ್ಲಿ ಹೇಳ್ತಿದ್ದೀನಿ.

ಮಾಮಾಗೆ ವಾದ್ಯ ತಂದು ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದಕ್ಕ ಚರ್ಮ ಇಲ್ಲೇನು?" ಅಂದ. ಇಲ್ಲ ಮಾಮಾ ಅಂದೆ. ಬೆಲ್ಟಿನ ಮಾತು ಎತ್ತಲಿಲ್ಲ. ದಪ್ಪ ತಂತಿ ಒಮ್ಮೆ ಮೀಟಿದ, ಅಂಗೈಯನ್ನು ಕಟ್ಟಿಗೆಯ ಮೇಲಿಟ್ಟು ನಡುಕ ಪೂರ್ತಿ ನಿಲ್ಲೋವರೆಗೆ ತೆಗೆಯಲಿಲ್ಲ.

ಬಾರಿಸೋ ವಿಷಯಕ್ಕೆ ಬರ್ತೀನಿ. ನಮ್ಮ ಹಾಡುಗಾರರು ಹಾರ್ಮೋನಿಯಂ ಕರಿ ಒಂದು ಅಥವಾ ಕರಿ ಎರಡರಲ್ಲಿ ಹಾಡುತ್ತಾರೆ. ಅಂಗಡಿಯಿಂದ ಬಂದ ಬೇಸಿನ ನಾಲ್ಕು ತಂತಿಯೂ ಬಿಳಿ ಮನೆಯವು, ಹಾಗಾಗಿ ಬಿಡಿ ತಂತಿ ಒಂದೂ ಕೆಲಸಕ್ಕೆ ಬರೋದಿಲ್ಲ, ಎಡಗೈ ರಾತ್ರಿಯೆಲ್ಲ ಒತ್ತಿಯೇ ಇರಬೇಕು. ನಾನು ನಾಲ್ಕನ್ನೂ ಅರ್ಧ ಸ್ವರ ಇಳಿಸಿದೆ. ಆಗ ಆಯಾ ತಂತಿ ಸರಿಯಾಗಿ ಕರಿ ಎರಡು, ಕರಿ ನಾಲ್ಕು, ಕರಿ ಒಂದು, ಕರಿ ಮೂರಕ್ಕೆ ಬರ್ತಾವ. ನಾಲ್ಕೂ ಕರಿಯವೇ! ನಮ್ಮ ಹಾರ್ಮೋನಿಯಂ ಅಣ್ಣ ಇದಕ್ಕೆ ಬಿದ್ದು ಬಿದ್ದು ನಕ್ಕ. ಇಳಿಸಿದಾಗ ತಂತಿ ಸಡಿಲಾಗಿ ಪಟಪಟ ಅಂತದ, ಅದಕ್ಕೆ ಸ್ವಲ್ಪ ದಪ್ಪನೆಯ ಸೆಟ್ ಬೇಕು. ಚಪ್ಪಟೆ ಸುತ್ತಿನ ತಂತಿ ಹಾಕ್ರಿ. ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತದೆ, ದನಿ ಮಿಣಮಿಣ ಅನ್ನೋದಿಲ್ಲ, ಧುಂ ಅಂತದ. ಬ್ರಿಡ್ಜಿನ ಹತ್ತಿರ ತಂತಿ ಕೆಳಗೆ ಒಂದು ತುಂಡು ಸ್ಪಂಜು ತುರುಕಿದರೆ ಇನ್ನೂ ಚೆಂದ, ಹೊಡೆದ ಕೂಡಲೇ ದನಿ ಸಾಯುತ್ತದೆ, ಹಲಗಿ ಪೆಟ್ಟಿನಂಗ. ಜೇಮರ್ಸನ್ ಕೂಡ ಚಪ್ಪಟೆ ತಂತಿ, ಸ್ಪಂಜು ಇಟ್ಟುಕೊಂಡೇ ಬಾರಿಸಿದವರು.

ಢೋಲಕಿಯ ಎಡಗೈಗೂ ಬೇಸಿಗೂ ಜಗಳ ಹತ್ತಬಾರದು. ಇಬ್ಬರದೂ ಕೆಳಗಿನ ದನಿ. ಕೆಹರ್ವಾದಲ್ಲಿ ಆತ 'ಧಾ' ಮೇಲೆ ಬಿದ್ದರೆ ನಾನೂ ಅಲ್ಲೇ ಬೀಳ್ತೀನಿ, ಆಮೇಲೆ ಆತ ಎಡಗೈ ಜಾರಿಸುವಾಗ ಸುಮ್ಮನಿರ್ತೀನಿ. ಬಹಳ ಹಾಡುಗಳಿಗೆ ಸಾ ಮತ್ತು ಪಾ ಎರಡೇ ಸಾಕು. ಹೊಸ ಹುಡುಗರಿಗೆ ಇದು ಬೇಸರ, ಬೆರಳು ತೋರಿಸಬೇಕು ಅನ್ನಿಸ್ತದ. ತೋರಿಸ್ರಿ, ಆದರೆ ಹಾಡುವವರು ಉಸಿರು ತೊಗೊಳ್ಳುವ ಜಾಗದಲ್ಲಿ. ಮಾತು ಬಂತು ಅಂದ್ರೆ ಕೈ ಕೆಳಗಿಳೀಬೇಕು. ಸಿದ್ದಲಿಂಗಯ್ಯ ಅವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದದ್ದು. ಚಳವಳಿಯ ಹಾಡುಗಳು ತಮಟೆಯ ಜೊತೆ ಊರೂರಿಗೆ ಮುಟ್ಟಿದ್ದು ಪದದ ಬಲದಿಂದ. ಆ ಪದಗಳ ಮೇಲೆ ನನ್ನ ತಂತಿ ಓಡಾಡೋದು ಸರಿಯಲ್ಲ. ಒಂದೇ ಕಡೆ ನಾನು ಸ್ವಲ್ಪ ಉದ್ದ ಬಾರಿಸ್ತೀನಿ. ಅಮ್ಮಂದಿರ ಹಾಡಿನಲ್ಲಿ, ಕೆಳಗಿನ ತಂತಿಯಲ್ಲಿ ಬೆರಳು ಎತ್ತದೆ ಮೇಲಕ್ಕೆ ಜಾರಿಸ್ತೀನಿ. ಚೌಡಿಕೆ ಕೇಳಿದ ಮುದುಕಿಯರು ತಟ್ಟನೆ ತಲೆ ಎತ್ತುತ್ತಾರೆ.

ನಮ್ಮ ಮೇಳದಲ್ಲಿ ಹಲಗಿಯೂ ಇದೆ. ಮಾಮಾನ ಸಿಟ್ಟು ನನಗೆ ಅರ್ಥ ಆಗ್ತದ, ಆದರೆ ಇದರಲ್ಲಿ ನಾನು ಅವನ ಕಡೆ ಇಲ್ಲ. ಹಲಗಿ ನಮ್ಮ ಸ್ಟೇಜಿನ ಮೇಲೆ ಮಾತ್ರ ಬಾರಿಸ್ತೀವಿ. ದೇವರ ಮುಂದೆ ಇಲ್ಲ, ಹೆಣದ ಮುಂದೆ ಇಲ್ಲ, ಯಾರ ಮನೆ ಬಾಗಿಲಲ್ಲೂ ಇಲ್ಲ. ಚೆನ್ನೈನಲ್ಲಿ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಮೊದಲ ಸಲ ಸ್ಟೇಜ್ ಹತ್ತಿದಾಗ ಸಾವಿನ ಮನೆಯ ಗಾನಾ ಪದ, ಪರೈ, ಗಿಟಾರು ಒಂದೇ ಸಾಲಿನಲ್ಲಿ ನಿಂತಿದ್ದವು. ಆ ವಿಡಿಯೋ ನೋಡಿದ ಮೇಲೆ ನಮ್ಮ ಹುಡುಗರೇ ಹಲಗಿಯನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದರು.

ಆದರೂ ವಾದ್ಯಕ್ಕೂ ಜಾತಿ ಅಂಟಿದೆ. ಹೋದ ವರ್ಷ ಒಂದು ಮದುವೆಗೆ ಕರೆದಿದ್ದರು. ಮಾತಾಡಿದ ರೊಕ್ಕ ಹಂಚುವಾಗ ಆ ಮನೆಯ ಯಜಮಾನ ತಾನೇ ಲೆಕ್ಕ ಹಾಕಿದ: ಗಿಟಾರಿಗೆ ಒಂದೂವರೆ ಸಾವಿರ, ಹಲಗಿಗೆ ಐನೂರು. ನನಗೆ "ಸರ್, ಒಳಗ ಬರ್ರಿ, ಊಟ ಮಾಡ್ರಿ" ಅಂದ, ಹಲಗಿಯವರಿಗೆ ಹೊರಗೆ ಪತ್ರಾವಳಿ. ಹಲಗಿ ಬಾರಿಸಿದವನು ನನ್ನ ಸ್ವಂತ ದೊಡ್ಡಪ್ಪನ ಮಗ. ಒಂದೇ ರಕ್ತ, ಒಂದೇ ಕೇರಿ, ಕೈಯಲ್ಲಿರುವ ವಸ್ತು ಬೇರೆ. ನಾವೆಲ್ಲ ಹೊರಗೇ ನಿಂತೆವು. ಆಮೇಲೆ ನನ್ನ ಅಡ್ಡಹೆಸರು ಕೇಳಿದ, ಹೇಳಿದೆ. ಸರ್ ಅನ್ನೋದು ಅಲ್ಲಿಗೆ ಮುಗೀತು. ಊಟ ಮಾಡದೆ, ರೊಕ್ಕ ಪೂರ್ತಿ ತೊಗೊಂಡು ಬಂದೆವು. ಅಂದಿನಿಂದ ಒಂದೇ ನಿಯಮ. ಮೇಳಕ್ಕೆ ಒಂದೇ ಮೊತ್ತ, ಕೈಗೆ ಕೈ ಸಮ ಪಾಲು, ಡ್ರೈವರ್ ಸೇರಿ. ಊಟ ಎಲ್ಲರಿಗೂ ಒಂದೇ ಕಡೆ. ಇದು ಒಪ್ಪಿಗೆ ಇಲ್ಲದಿದ್ದರೆ ನಮ್ಮನ್ನು ಕರೀಬ್ಯಾಡ್ರಿ.

ಅಕ್ಕನ ಮಗಳು ಈಗ ಬೇಸ್ ಕಲೀತಿದ್ದಾಳೆ, ಹತ್ತನೇ ಕ್ಲಾಸ್. ನನ್ನದು ಮೂವತ್ನಾಲ್ಕು ಇಂಚಿನ ತಂತಿ, ಅವಳ ಕೈಗೆ ಮೊದಲ ಫ್ರೆಟ್ ದೂರ. ಮೂವತ್ತು ಇಂಚಿನ ಸಣ್ಣ ಬೇಸ್ ಸಿಗ್ತಾವ, ಹುಡುಕ್ತಿದ್ದೀನಿ. ಸದ್ಯಕ್ಕೆ ಮೂರನೇ ಫ್ರೆಟ್ಟಿನಿಂದ ಮೇಲೆ ಬಾರಿಸ್ತಾಳೆ, ತಾಳ ನನಗಿಂತ ಗಟ್ಟಿ. ಯಾವ ಹಾಡು ಬೇಕು, ಯಾವುದು ಬೇಡ ಅನ್ನೋದರಲ್ಲಿ ಇನ್ನೂ ಗಟ್ಟಿ.

ಕಮಿಟಿಯವರಿಗೆ ಕೊನೇ ಮಾತು. ಮೆರವಣಿಗೆಗೆ ಡಿಜೆ ಬೇಕೇ ಬೇಕು ಅಂದ್ರೆ ಹಚ್ಚಿಕೊಳ್ರಿ, ನಾನು ಅಡ್ಡ ಬರೋದಿಲ್ಲ. ರಾತ್ರಿ ಒಂದು ಎರಡು ತಾಸು ಅದನ್ನು ಬಂದ್ ಮಾಡಿ, ಜನರನ್ನು ಕೂರಿಸಿ, ನಮಗೆ ಬಿಟ್ಟುಕೊಡ್ರಿ. ಸ್ಪೀಕರ್ ನಿಮ್ಮ ಡಿಜೆಯವರದ್ದೇ ಇರಲಿ, ಹದಿನೆಂಟು ಇಂಚಿನವು ಎರಡು ಸಾಕು, ಮಿಕ್ಸರಿನಲ್ಲಿ ನನಗೊಂದು ಲೈನ್. ಡಿಐ ಬಾಕ್ಸ್ ನಾವೇ ತರ್ತೀವಿ. ಭೋಂಗಾ ಇದ್ದರೆ ಅದನ್ನೂ ಕಟ್ಟಿ, ಹೊಲದಲ್ಲಿ ಮಲಗಿದವರಿಗೆ ಮಾತು ಕೇಳಲಿ. ಮೇ ಎರಡನೇ ವಾರದ ತಾರೀಖು ಇನ್ನೂ ಖಾಲಿ ಅದಾವ. ಮತ್ತೆ, ಆಳಂದ, ಜೇವರ್ಗಿ ಕಡೆ ಯಾರ ಹತ್ತಿರಾದರೂ ಹಳೇ ಬೇಸ್ ತಂತಿ ಇದ್ರೆ ಎಸೀಬ್ಯಾಡ್ರಿ, ಕಳಿಸ್ರಿ. ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಒಣಗಿಸಿದರೆ ಕಲಿಯೋರಿಗೆ ಇನ್ನಾರು ತಿಂಗಳು ನಡೀತಾವ.